ದೊಡ್ಡವರಾಗೋಕೆ ಹಳೇ ಗೆಳೆಯರನ್ನು ಬಿಡಲೇಬೇಕಾ?

ಪ್ರಶ್ನೆ: ನನಗೆ 29 ವರ್ಷ. ಶಹಾಪುರದಲ್ಲಿ ಪಂಪ್‌ಸೆಟ್, ಸ್ಟಾರ್ಟರ್, ಕೇಬಲ್ ಮಾರುವ ಅಂಗಡಿ ಇಟ್ಟು ಮೂರು ವರ್ಷ ಆಯ್ತು. ಅಂಗಡಿ ನಡೆಯುತ್ತಿದೆ, ಆದರೆ ಬೆಳೆಯುತ್ತಿಲ್ಲ. ಹೋದ ವರ್ಷದಿಂದ ದೊಡ್ಡ ಉದ್ಯಮಿಗಳ ಅಭ್ಯಾಸಗಳ ವಿಡಿಯೊ ನೋಡಲು ಶುರು ಮಾಡಿದೆ. ಹೈದರಾಬಾದಿನಲ್ಲಿ ಎರಡು ದಿನದ ತರಬೇತಿಗೆ 18 ಸಾವಿರ ಕೊಟ್ಟು ಹೋಗಿ ಬಂದೆ. ಅಲ್ಲಿ ಹೇಳಿದ ಹಾಗೆ ಮುಂಜಾನೆ 4.30ಕ್ಕೆ ಏಳುತ್ತೇನೆ, ತಣ್ಣೀರು ಸ್ನಾನ ಮಾಡುತ್ತೇನೆ, ಗುರಿ ಬರೆಯುತ್ತೇನೆ. ಮಲಗೋದು ಮಾತ್ರ 11 ಆಗುತ್ತದೆ. 'ನಿಮ್ಮ ಸುತ್ತ ಇರುವ ಐದು ಜನರ ಸರಾಸರಿಯೇ ನೀವು, ನೆಗೆಟಿವ್ ಜನರನ್ನು ದೂರ ಇಡಿ' ಅಂದರು. ಅದಕ್ಕೇ ಸಂಜೆ ಚಹಾ ಕುಡಿಯುತ್ತಿದ್ದ ಗುಂಪು ಬಿಟ್ಟೆ. ಅದರಲ್ಲಿ ಒಬ್ಬ ಮೋಟಾರ್ ವೈಂಡಿಂಗ್ ಮಾಡುವವನು, ಒಬ್ಬ ಬೋರ್‌ವೆಲ್ ಏಜೆಂಟ್, ಒಬ್ಬನದು ಗೊಬ್ಬರದ ಅಂಗಡಿ, ಇನ್ನಿಬ್ಬರು ಸುಮ್ನೆ ಹರಟೆಗೆ ಬರುವವರು. ಅವರಲ್ಲೇ ಒಬ್ಬ 22 ಸಾವಿರ ಉದ್ರಿ ಉಳಿಸಿಕೊಂಡಿದ್ದಾನೆ. ಊರಲ್ಲಿ ಹೊಲ ನೋಡಿಕೊಳ್ಳುವ ಅಣ್ಣ 'ಈ ಕ್ಲಾಸೆಲ್ಲ ದಂಡ' ಅಂದಿದ್ದಕ್ಕೆ ಜಗಳ ಆಗಿ ನಾಲ್ಕು ತಿಂಗಳಿಂದ ಮಾತಿಲ್ಲ. ಅಂಗಡಿ ಹಾಕುವಾಗ ತೊಗರಿ ಮಾರಿ ದುಡ್ಡು ಕೊಟ್ಟವನು ಅವನೇ. ಹೆಂಡತಿ 'ನೀವು ಮೊದಲಿನ ಹಾಗಿಲ್ಲ' ಅನ್ನುತ್ತಾಳೆ. ಮಧ್ಯಾಹ್ನ ಕೌಂಟರಿನಲ್ಲೇ ತೂಕಡಿಕೆ, ಎರಡು ಸಲ ಬಿಲ್ ತಪ್ಪಾಗಿದೆ. ಈಗ ತರಬೇತಿಯವರು ಮುಂದಿನ ಹಂತಕ್ಕೆ 75 ಸಾವಿರ ಕೇಳುತ್ತಿದ್ದಾರೆ, 10 ಸಾವಿರ ಮುಂಗಡ ಕೊಟ್ಟಿದ್ದೇನೆ. ಗೆದ್ದವರೆಲ್ಲ ಹೀಗೇ ಜನರನ್ನು ಬಿಟ್ಟು ಬಂದವರಾ? ನಾನು ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಪತ್ರ ಓದಿದ ಮೇಲೆ ನನಗೆ ಕಂಡದ್ದನ್ನು ಮೊದಲು ಹೇಳಿಬಿಡುತ್ತೇನೆ. ನೀವು ಕೇಳುತ್ತಿರುವುದು ಅಭ್ಯಾಸದ ಬಗ್ಗೆ, ಆದರೆ ನಿಮ್ಮನ್ನು ಕಾಡುತ್ತಿರುವುದು ಬೇರೆ. ಇಷ್ಟೆಲ್ಲ ಬಿಟ್ಟ ಮೇಲೂ ಅಂಗಡಿ ಬೆಳೆಯದಿದ್ದರೆ ಏನು ಗತಿ ಅನ್ನುವ ಹೆದರಿಕೆ ಅದು. ಈ ಹೆದರಿಕೆ ಹಿಡಿದವರಿಗೇ ಮುಂದಿನ ಹಂತದ ತರಬೇತಿ ಮಾರೋದು ಸುಲಭ. ಕಲಬುರಗಿಯಲ್ಲಿ ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬರುವವರಲ್ಲಿ ಕೆಎಎಸ್, ಪಿಎಸ್‌ಐ ಪರೀಕ್ಷೆಗೆ ಓದುವ ಹುಡುಗರಿದ್ದಾರೆ, ನಿಮ್ಮಂಥ ಸಣ್ಣ ವ್ಯಾಪಾರದವರಿದ್ದಾರೆ. ಎಲ್ಲರ ಫೋನಿನಲ್ಲೂ ಇವೇ ವಿಡಿಯೊಗಳು, ಎಲ್ಲರ ಕಣ್ಣ ಕೆಳಗೂ ಅದೇ ಕಪ್ಪು.

4.30ರ ವಿಷಯ ತಗೊಳ್ಳೋಣ. ಗೆದ್ದವರನ್ನು ಕೂರಿಸಿ 'ಎಷ್ಟಕ್ಕೆ ಏಳ್ತೀರಿ' ಅಂತ ಕೇಳುತ್ತಾರೆ. ಸೋತವರನ್ನು ಯಾರೂ ಕೇಳಲ್ಲ. ನಮ್ಮ ಕಡೆ ಹಾಲು ಹಾಕುವವರು, ಪೇಪರ್ ಹಾಕುವ ಹುಡುಗರು, ಗಂಜಿನ, ಅಂದರೆ ಧಾನ್ಯದ ಮಾರುಕಟ್ಟೆಯ ಹಮಾಲರು, ಮನೆಯಲ್ಲಿ ರೊಟ್ಟಿ ಬಡಿಯುವ ತಾಯಂದಿರು, ಇವರೆಲ್ಲ ಆ ಹೊತ್ತಿಗೆ ಎದ್ದು ಕೆಲಸಕ್ಕೆ ಬಿದ್ದಿರುತ್ತಾರೆ. ಬೇಗ ಏಳೋದರಿಂದಲೇ ದುಡ್ಡು ಬರುವುದಾದರೆ ನೆಹರು ಗಂಜಿನಲ್ಲಿ ಮೂಟೆ ಹೊರುವವರು ಇಷ್ಟೊತ್ತಿಗೆ ದಾಲ್ ಮಿಲ್ ಮಾಲೀಕರಾಗಿರಬೇಕಿತ್ತು. ಇನ್ನೊಂದು, ಆ ವಿಡಿಯೊದವರಲ್ಲಿ ಬಹಳ ಜನರಿಗೆ ರಾತ್ರಿ 9ರವರೆಗೆ ಶಟರ್ ತೆರೆದಿಡುವ ಕರ್ಮ ಇಲ್ಲ. ಬಿಸಿಲಿಗೆ ತಕ್ಕಂತೆ ಹೊತ್ತು ಬದಲಿಸೋದು ನಮ್ಮ ಭಾಗಕ್ಕೆ ಹೊಸದೂ ಅಲ್ಲ. ಏಪ್ರಿಲ್-ಮೇ ಬಂತೆಂದರೆ ಇಲ್ಲಿ ಸರ್ಕಾರಿ ಕಚೇರಿಗಳೇ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತವೆ, ಅಲ್ವಾ?

11ಕ್ಕೆ ಮಲಗಿ 4.30ಕ್ಕೆ ಎದ್ದರೆ ಐದೂವರೆ ಗಂಟೆ ನಿದ್ದೆ. ದೊಡ್ಡವರಿಗೆ ಕಡಿಮೆ ಅಂದರೂ ಏಳು ಗಂಟೆ ಬೇಕು. ಅಮೆರಿಕದಲ್ಲಿ 2003ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದೆ. ಅದರಲ್ಲಿ ಜನರಿಗೆ 14 ದಿನ ಆರು ಗಂಟೆ ಅಥವಾ ಅದಕ್ಕಿಂತ ಕಡಿಮೆ ಮಲಗಲು ಬಿಟ್ಟರು. ಕೊನೆಗೆ ಅವರ ಗಮನ, ನೆನಪು ಎಷ್ಟು ಕುಸಿದಿತ್ತೆಂದರೆ ಒಂದೆರಡು ರಾತ್ರಿ ಪೂರ್ತಿ ಕಣ್ಣು ಮುಚ್ಚದವರ ಮಟ್ಟಕ್ಕೆ ಬಂದಿತ್ತು. ಆದರೆ ಅವರಿಗೇ ಅದು ಗೊತ್ತಾಗಲಿಲ್ಲ, ಸ್ವಲ್ಪ ನಿದ್ದೆಗಣ್ಣು ಅಷ್ಟೇ ಅಂದುಕೊಂಡಿದ್ದರು. ನಿಮ್ಮ ಎರಡು ತಪ್ಪು ಬಿಲ್ಲುಗಳಿಗೆ ಇದೇ ಕಾರಣ ಅನ್ನೋದು ನನ್ನ ಲೆಕ್ಕ. ನಿಮಗೆ ಗೊತ್ತಾದದ್ದು ಎರಡು, ಗೊತ್ತಾಗದೆ ಹೋದದ್ದು ಎಷ್ಟೋ.

ಮಧ್ಯಾಹ್ನದ ತೂಕಡಿಕೆಯನ್ನು ಸೋಮಾರಿತನ ಅಂತ ನೀವೇ ಬೈದುಕೊಂಡಿರಬಹುದು. ಹಾಗೆ ಬೈದುಕೊಳ್ಳಬೇಡಿ. ಸಂಗೀತ ಕಲಿಯುವವರ ಮೇಲೆ 1993ರಲ್ಲಿ ಬಂದ ಅಧ್ಯಯನ ಒಂದಿದೆ, ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳ ಬಗ್ಗೆ. 'ಹತ್ತು ಸಾವಿರ ಗಂಟೆ' ಅನ್ನುವ ಮಾತು ಹುಟ್ಟಿದ್ದೇ ಅದರಿಂದ. ಅದೇ ಅಧ್ಯಯನದಲ್ಲಿ ಇನ್ನೊಂದು ವಿಷಯ ಇತ್ತು, ಅದನ್ನು ವೇದಿಕೆ ಮೇಲೆ ಯಾರೂ ಹೇಳಲ್ಲ: ಚೆನ್ನಾಗಿ ನುಡಿಸುವವರು ಉಳಿದವರಿಗಿಂತ ಜಾಸ್ತಿ ನಿದ್ದೆ ಮಾಡುತ್ತಿದ್ದರು, ಮಧ್ಯಾಹ್ನವೂ ಒಂದು ಕೋಳಿನಿದ್ದೆ ತೆಗೆಯುತ್ತಿದ್ದರು. ಮೇ ತಿಂಗಳ ಮಧ್ಯಾಹ್ನ ಎರಡಕ್ಕೆ ಶಹಾಪುರದಲ್ಲಿ ಮೋಟಾರ್ ಕೊಳ್ಳೋಕೆ ಯಾರು ಬರ್ತಾರೆ ಹೇಳಿ? ಇಪ್ಪತ್ತು ನಿಮಿಷ ಒರಗಿಕೊಳ್ಳಿ.

ಇನ್ನು '21 ದಿನ ಮಾಡಿದರೆ ಅಭ್ಯಾಸ ಆಗುತ್ತೆ' ಅನ್ನೋದು. ನಿಮ್ಮ ತರಬೇತಿಯಲ್ಲೂ ಹೇಳಿರಬೇಕು. 1960ರಲ್ಲಿ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅನ್ನುವ ಅಮೆರಿಕದ ಪ್ಲಾಸ್ಟಿಕ್ ಸರ್ಜನ್, ಮುಖದ ಆಪರೇಷನ್ ಆದವರು ಹೊಸ ಮುಖಕ್ಕೆ ಹೊಂದಿಕೊಳ್ಳಲು ಕಡಿಮೆ ಅಂದರೂ ಸುಮಾರು 21 ದಿನ ಬೇಕು ಅಂತ ತಾವು ಕಂಡಿದ್ದನ್ನು ಬರೆದರು. ಆ 'ಕಡಿಮೆ ಅಂದರೂ' ಬಾಯಿಂದ ಬಾಯಿಗೆ ಹೋಗುವಾಗ ಬಿದ್ದುಹೋಯಿತು. ಲಂಡನ್ನಿನಲ್ಲಿ 96 ಜನರ ಮೇಲೆ ನಿಜವಾಗಿ ಅಳೆದು ನೋಡಿದಾಗ ಮಧ್ಯದ ಲೆಕ್ಕ 66 ದಿನ ಬಂತು. ಒಬ್ಬೊಬ್ಬರದು 18 ದಿನ, ಇನ್ನೊಬ್ಬರದು 254. ನಡುವೆ ಒಂದು ದಿನ ತಪ್ಪಿದರೆ ಏನೂ ಹಾಳಾಗಲ್ಲ ಅನ್ನೋದೂ ಅಲ್ಲೇ ಕಂಡುಬಂತು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, 22ನೇ ದಿನ ಏಳಲಾಗದೆ 'ನನ್ನಲ್ಲೇ ಏನೋ ಕೊರತೆ' ಅಂತ ಕೂತ ಹುಡುಗರನ್ನು ನಾನು ನೋಡುತ್ತಲೇ ಇರುತ್ತೇನೆ. ಕೊರತೆ ಅವರದ್ದಲ್ಲ, ಲೆಕ್ಕದ್ದು.

ಅಭ್ಯಾಸ ಬೇಡ ಅಂತ ನಾನು ಹೇಳುತ್ತಿಲ್ಲ. ನಿಮ್ಮ ಅಂಗಡಿಗೆ ತಾಗುವ ಅಭ್ಯಾಸ ಒಂದೇ ಒಂದು ಹಿಡಿಯಿರಿ. ನನ್ನನ್ನು ಕೇಳಿದರೆ, ರಾತ್ರಿ ಶಟರ್ ಎಳೆಯುವ ಮುಂಚೆ ಹತ್ತು ನಿಮಿಷ. ಗಲ್ಲೆ ಎಣಿಸಿ, ಇವತ್ತಿನ ಉದ್ರಿ ಬರೆದು, ನಾಳೆ ಯಾರಿಗೆ ಫೋನ್ ಮಾಡಬೇಕು ಅಂತ ಮೂರು ಹೆಸರು ಗುರುತು ಹಾಕೋದು. ದಿನಾ ಶಟರ್ ಎಳೆಯಲೇಬೇಕು, ಅದರ ಜೊತೆ ಈ ಕೆಲಸ ಅಂಟಿಕೊಂಡರೆ ನೆನಪು ಮಾಡಿಕೊಳ್ಳೋ ಗೋಜಿಲ್ಲ. ತಣ್ಣೀರು ಸ್ನಾನ ಇಷ್ಟ ಇದ್ದರೆ ಮಾಡಿ, ಅದಕ್ಕೂ ವ್ಯಾಪಾರಕ್ಕೂ ಸಂಬಂಧ ಇಲ್ಲ.

ಈಗ ಮುಖ್ಯ ವಿಷಯ, ಜನರದು. ಐದು ಜನರ ಸರಾಸರಿ ಅನ್ನುವ ಮಾತನ್ನು ಜಿಮ್ ರೋನ್ ಎಂಬ ಅಮೆರಿಕದ ಭಾಷಣಕಾರರ ಹೆಸರಲ್ಲಿ ಹೇಳುತ್ತಾರೆ. ಕೇಳೋಕೆ ಚೆನ್ನಾಗಿದೆ, ಆದರೆ ಯಾರೂ ಅಳೆದು ತೆಗೆದ ಲೆಕ್ಕ ಅಲ್ಲ. ಜೊತೆಗಿರುವವರ ಪ್ರಭಾವ ನಮ್ಮ ಮೇಲೆ ಆಗೋದು ನಿಜ, ಅದನ್ನು ಅಲ್ಲಗಳೆಯಲ್ಲ. ಆದರೆ ನಮ್ಮಂಥವರನ್ನೇ ಹುಡುಕಿ ನಾವು ಗೆಳೆತನ ಮಾಡುತ್ತೇವೆ ಅನ್ನೋದೂ ಅಷ್ಟೇ ನಿಜ. ಯಾವುದು ಎಷ್ಟು ಅಂತ ಬಿಡಿಸೋದು ಸಂಶೋಧಕರಿಗೇ ಕಷ್ಟ ಆಗಿದೆ. ಅಂಥದ್ದನ್ನು ಹಿಡಿದುಕೊಂಡು ಅಣ್ಣನ ಜೊತೆ ಮಾತು ಬಿಡೋದಾ?

ವ್ಯಾಪಾರ, ಕೆಲಸದ ವಿಷಯದಲ್ಲಿ ಗಟ್ಟಿಯಾಗಿ ಗೊತ್ತಿರುವುದು ಇದಕ್ಕೆ ಹೆಚ್ಚುಕಡಿಮೆ ಉಲ್ಟಾ ಇದೆ. ಮಾರ್ಕ್ ಗ್ರಾನೊವೆಟರ್ ಅನ್ನುವ ಸಮಾಜವಿಜ್ಞಾನಿ 1973ರಲ್ಲಿ ಒಂದು ಲೇಖನ ಬರೆದರು. ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು ಹಿಡಿದು, ಆ ಪರಿಚಯದವರನ್ನು ಎಷ್ಟು ಸಲ ಭೇಟಿ ಆಗುತ್ತಿದ್ದಿರಿ ಅಂತ ಕೇಳಿದ್ದರು. ವಾರಕ್ಕೆ ಎರಡು ಸಲವಾದರೂ ಸಿಗುತ್ತಿದ್ದೆವು ಅಂದವರು ಸುಮಾರು 17 ಪರ್ಸೆಂಟ್ ಮಾತ್ರ. ಆಗೊಮ್ಮೆ ಈಗೊಮ್ಮೆ ಸಿಗುತ್ತಿದ್ದವರ ಮೂಲಕ ಅಂದವರು 55ಕ್ಕಿಂತ ಜಾಸ್ತಿ. ಉಳಿದವರಿಗೆ ವರ್ಷಕ್ಕೊಮ್ಮೆ ಕಂಡರೆ ಕಂಡರು ಅನ್ನುವಂಥವರು. ಕಾರಣ ಸರಳ. ದಿನಾ ಜೊತೆಗಿರುವವರಿಗೆ ನಮಗೆ ಗೊತ್ತಿರುವುದೇ ಗೊತ್ತಿರುತ್ತದೆ, ಹೊಸ ಸುದ್ದಿ ಬರೋದು ಸ್ವಲ್ಪ ದೂರದವರಿಂದ. 2022ರಲ್ಲಿ ಲಿಂಕ್ಡ್‌ಇನ್‌ನ ಎರಡು ಕೋಟಿ ಬಳಕೆದಾರರ ಮೇಲೆ ನಡೆದ ಅಧ್ಯಯನ ಪ್ರಕಟವಾದಾಗಲೂ, ತೀರಾ ಹತ್ತಿರವೂ ಅಲ್ಲದ ತೀರಾ ದೂರವೂ ಅಲ್ಲದ ಪರಿಚಯಗಳೇ ಕೆಲಸಕ್ಕೆ ಬಂದವು ಅಂತ ಕಂಡಿತು.

ಅದು ಅಮೆರಿಕ, ಅದು ನೌಕರಿ, ಶಹಾಪುರದ ಪಂಪ್‌ಸೆಟ್ ಅಂಗಡಿಗೆ ಹೇಗೆ ಒಪ್ಪುತ್ತೆ ಅಂತ ನೀವು ಕೇಳಬಹುದು. ಸರಿ, ನನ್ನ ಮಾತು ನಂಬಬೇಡಿ. ನಿಮ್ಮದೇ ಬಿಲ್ ಬುಕ್ ತೆಗೆಯಿರಿ. ಹೋದ ವರ್ಷದ ದೊಡ್ಡ ಬಿಲ್ಲುಗಳನ್ನು, ಅಂದರೆ ಮೋಟಾರ್, ಪ್ಯಾನೆಲ್ ಬೋರ್ಡ್, ನೂರಾರು ಮೀಟರ್ ಕೇಬಲ್ ಹೋದಂಥವನ್ನು ಆರಿಸಿ, ಒಂದೊಂದರ ಹಿಂದೆ ಪೆನ್ಸಿಲಿನಲ್ಲಿ ಈ ಗಿರಾಕಿಯನ್ನು ಕಳಿಸಿದ್ದು ಯಾರು ಅಂತ ಬರೆಯಿರಿ. ನೆನಪಾಗದಿದ್ದರೆ ಗಿರಾಕಿಗೇ ಫೋನ್ ಹಚ್ಚಿ, 'ಕಾಕಾ, ಮೋಟಾರ್ ಹೆಂಗ ನಡದದ?' ಅಂತ ಮಾತು ತೆಗೆದು ಕೇಳಿ. ಹೀಗೆ ಬರೆದು ತಂದ ವ್ಯಾಪಾರದವರ ಬಿಲ್ ಬುಕ್ಕುಗಳನ್ನು ನಾನು ನೋಡಿದ್ದೇನೆ. ಅದೇ ನಾಲ್ಕೈದು ಹೆಸರು ಮತ್ತೆ ಮತ್ತೆ ಬರುತ್ತವೆ, ಅಂಥವರು ಸಿಗೋದು ಚಹಾದ ಅಂಗಡಿಯಲ್ಲೇ. ರೈತನ ಮೋಟಾರ್ ಸುಟ್ಟರೆ ಅವನು ಮೊದಲು ಹೋಗೋದು ವೈಂಡಿಂಗ್ ಅಂಗಡಿಗೆ. 'ಇದು ಇನ್ನು ಆಗಲ್ಲ ಮಾಮಾ, ಹೊಸದು ತಗೋ' ಅಂತ ಅವನು ಹೇಳಿದ ಮೇಲೆ, 'ಎಲ್ಲಿ ತಗೋಬೇಕು' ಅನ್ನುವ ಪ್ರಶ್ನೆಗೂ ಉತ್ತರ ಕೊಡುವವನು ಅವನೇ. ನೀವು ಬಿಟ್ಟು ಬಂದದ್ದು ಆ ಮನುಷ್ಯನನ್ನು! ಬೋರ್‌ವೆಲ್ ಏಜೆಂಟನಿಗಂತೂ ಯಾವ ಹಳ್ಳಿಯಲ್ಲಿ ನೀರು ಬಿತ್ತು ಅನ್ನೋದು ನಿಮಗಿಂತ ವಾರ ಮೊದಲೇ ಗೊತ್ತಿರುತ್ತದೆ. ಗೊಬ್ಬರದ ಅಂಗಡಿಯವನಿಗೆ ಈ ಸಲ ಯಾರ ಕೈಯಲ್ಲಿ ದುಡ್ಡಿದೆ ಅನ್ನೋದು ಗೊತ್ತು.

ದೊಡ್ಡವರ ಉದಾಹರಣೆ ಬೇಕು ಅಂದರೆ ದೂರ ಹೋಗೋದು ಬೇಡ. ರಾಜಕೀಯ ಬದಿಗಿಟ್ಟು ನೋಡಿ. ಮಲ್ಲಿಕಾರ್ಜುನ ಖರ್ಗೆಯವರು ಹುಟ್ಟಿದ್ದು ಬೀದರ್ ಜಿಲ್ಲೆಯ ವರವಟ್ಟಿಯಲ್ಲಿ, ಬೆಳೆದದ್ದು ಕಲಬುರಗಿಯಲ್ಲಿ. ವಕೀಲಿ ಶುರು ಮಾಡಿ 1969ರಲ್ಲಿ ಎಂಎಸ್‌ಕೆ ಮಿಲ್ ಕಾರ್ಮಿಕರ ಸಂಘಕ್ಕೆ ಕಾನೂನು ಸಲಹೆಗಾರರಾದರು. 1972ರಲ್ಲಿ ಗುರುಮಠಕಲ್‌ನಿಂದ ಮೊದಲ ಸಲ ಗೆದ್ದರು. ಗೆಲುವಿಗೆ ನೂರು ಕಾರಣ ಇರುತ್ತವೆ, ಇದೊಂದೇ ಅಂತ ನಾನು ಹೇಳಲ್ಲ. ಆದರೆ ನಿಮ್ಮ ತರಬೇತಿಯವರ ಪ್ರಕಾರ ಆ ಹರೆಯದ ವಕೀಲರು ಮಿಲ್ ಕಾರ್ಮಿಕರ ಜೊತೆ ಕೂರಲೇಬಾರದಿತ್ತು, ತಮಗಿಂತ ಶ್ರೀಮಂತರಾದ ಐದು ಜನರನ್ನು ಹುಡುಕಿಕೊಂಡು ಹೋಗಬೇಕಿತ್ತು.

ಹಾಗಂತ ಗುಂಪಿಗೆ ಮೊದಲಿನ ಹಾಗೇ ಹೋಗಿ ಅಂತಲೂ ಹೇಳಲ್ಲ. ನಿಮಗೆ ಅಲ್ಲಿ ನಿಜವಾಗಿ ಚುಚ್ಚುತ್ತಿದ್ದದ್ದು ನೆಗೆಟಿವ್ ಮಾತಲ್ಲ, ಆ 22 ಸಾವಿರ ಅನ್ನೋದು ನನ್ನ ಊಹೆ. ಎದುರಿಗೆ ಕೂತು ಸುಸಲಾ ಮಿರ್ಚಿ ತಿನ್ನುವವನ ಹತ್ತಿರ ದುಡ್ಡು ಕೇಳೋದು ಹೇಗೆ ಅಂತ ಒದ್ದಾಡಿ, ಕೊನೆಗೆ ಗುಂಪೇ ಕೆಟ್ಟದ್ದು ಅಂತ ಬಿಟ್ಟು ಬಂದರೆ ಮನಸ್ಸಿಗೆ ಹಗುರ ಆಗುತ್ತದೆ. ಆದರೆ ದುಡ್ಡೂ ಹೋಯಿತು, ಜನರೂ ಹೋದರು. ಗೆಳೆತನ ಬೇರೆ, ಉದ್ರಿ ಬೇರೆ. ಆ ಒಬ್ಬನನ್ನು ಅಂಗಡಿಗೆ ಕರೆದು, ಗುಂಪಿನ ಎದುರಲ್ಲಿ ಬೇಡ, 'ತಿಂಗಳಿಗೆ ಎರಡು ಸಾವಿರದ ಹಾಗೆ ತೀರಿಸು, ಅಲ್ಲಿವರೆಗೆ ಹೊಸ ಉದ್ರಿ ಇಲ್ಲ' ಅಂತ ಹೇಳಿ ಬರೆದಿಟ್ಟುಕೊಳ್ಳಿ. ಅವನು ಮುನಿಸಿಕೊಳ್ಳಬಹುದು, ನಾಲ್ಕು ಮಾತು ಆಡಿಕೊಳ್ಳಲೂಬಹುದು. ಅಷ್ಟನ್ನು ತಡೆದುಕೊಳ್ಳಬೇಕಾಗುತ್ತದೆ. ಗುಂಪಿಗೆ ವಾರಕ್ಕೆರಡು ಸಂಜೆ ಹೋಗಿ, ಒಂದು ಗಂಟೆ ಕೂತು ಎದ್ದು ಬನ್ನಿ. ಸುಮ್ನೆ ಹರಟೆಗೆ ಬರುವ ಆ ಇಬ್ಬರನ್ನೂ ಬಿಡಬೇಡಿ ಅನ್ನುತ್ತೇನೆ. ನಗೋಕೆ ಜೊತೆಗೊಬ್ಬರು ಇರೋದು ಲಾಭ-ನಷ್ಟದ ಪುಸ್ತಕದಲ್ಲಿ ಬರಲ್ಲ, ಆದರೆ ಹಾರ್ವರ್ಡ್‌ನವರು 1938ರಿಂದ ನೂರಾರು ಜನರ ಬದುಕನ್ನು ಹಿಂಬಾಲಿಸಿ ನೋಡಿದಾಗ, 50ನೇ ವಯಸ್ಸಿನಲ್ಲಿ ಸಂಬಂಧಗಳು ಚೆನ್ನಾಗಿದ್ದವರೇ 80ರಲ್ಲೂ ಗಟ್ಟಿಮುಟ್ಟಾಗಿದ್ದರು.

ಅಣ್ಣನ ವಿಷಯಕ್ಕೆ ಬರುತ್ತೇನೆ. ನೆಗೆಟಿವ್ ಅನ್ನುವ ಪದ ಈಗ ಬಹಳ ಅಗ್ಗ ಆಗಿದೆ, ನಮಗೆ ಬೇಡದ ಮಾತು ಹೇಳಿದವರೆಲ್ಲ ನೆಗೆಟಿವ್. ನಾನು ಇಬ್ಬರನ್ನು ಹೀಗೆ ಬೇರೆ ಮಾಡಿ ನೋಡುತ್ತೇನೆ: ಅವರು ಬೈಯುತ್ತಿರುವುದು ನಿಮ್ಮನ್ನಾ, ನಿಮ್ಮ ಯೋಜನೆಯನ್ನಾ? 'ನಿನ್ನ ಕೈಲಿ ಏನಾಗುತ್ತೆ' ಅನ್ನುವವರು ಒಂದು ಬಗೆ. 'ಈ ಕ್ಲಾಸ್ ದಂಡ' ಅನ್ನುವವರು ಇನ್ನೊಂದು. ನಿಮ್ಮ ಅಣ್ಣ ಎರಡನೆಯವರು. ಅದರ ಮೇಲೆ, ನಿಮ್ಮ ಅಂಗಡಿ ಮುಳುಗಿದರೆ ಅವರ ತೊಗರಿ ದುಡ್ಡೂ ಮುಳುಗುತ್ತದೆ. ಕಳೆದುಕೊಳ್ಳೋಕೆ ಏನಾದರೂ ಇರುವವರು ಹೇಳುವ 'ಬೇಡ'ಕ್ಕೆ ಬೆಲೆ ಜಾಸ್ತಿ. ತರಬೇತಿಯವರು ಹೇಳುವ 'ನಿಮ್ಮ ಕೈಲಾಗುತ್ತೆ'ಗೆ ಅವರು ಕಳೆದುಕೊಳ್ಳೋದು ಏನೂ ಇಲ್ಲ.

ಬೀದರಿಗೆ ಯಾವತ್ತಾದರೂ ಹೋದರೆ ಬಿದ್ರಿ ಕೆಲಸ ಮಾಡುವ ಕಡೆ ಅರ್ಧ ಗಂಟೆ ಕೂತು ನೋಡಿ. ಸತು, ತಾಮ್ರ ಬೆರೆಸಿದ ಎರಕಕ್ಕೆ ಮೈಲುತುತ್ತ ಹಚ್ಚಿ ಸದ್ಯಕ್ಕೆ ಕಪ್ಪು ಮಾಡಿ, ಅದರ ಮೇಲೆ ಚಿತ್ತಾರ ಗೀಚಿ, ಉಳಿಯಿಂದ ಕೊರೆದು, ಆ ಗೀರಿನೊಳಗೆ ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ಕೊನೆಗೆ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಕಾಸಿದ ನೀರು ತಾಗಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಉಳಿ ಕೂದಲೆಳೆಯಷ್ಟು ಜಾರಿದರೂ ತಂತಿ ನಿಲ್ಲಲ್ಲ. 2023ರಲ್ಲಿ ಪದ್ಮಶ್ರೀ ಪಡೆದ ಶಾ ರಶೀದ್ ಅಹ್ಮದ್ ಖಾದ್ರಿಯವರು ಈ ಕೆಲಸ ಕಲಿತದ್ದು ತಂದೆಯ ಹತ್ತಿರ. ಕಲಿಯುವವನ ಪಕ್ಕದಲ್ಲೇ ಒಬ್ಬರು ಕೂತಿರುತ್ತಾರೆ, ಕೈ ತಪ್ಪಿದ ಕೂಡಲೇ ಹೇಳುತ್ತಾರೆ. ಅಭ್ಯಾಸ ಕೈಗೆ ಹತ್ತೋದು ಹೀಗೆ. ನಿಮ್ಮ ಜೀವನದಲ್ಲಿ ಹಾಗೆ ಹೇಳುತ್ತಿದ್ದವರು ಇಬ್ಬರು, ಅಣ್ಣ ಮತ್ತು ಹೆಂಡತಿ. ಒಬ್ಬರ ಜೊತೆ ಮಾತು ಬಿಟ್ಟಿದ್ದೀರಿ, ಇನ್ನೊಬ್ಬರ ಮಾತನ್ನು ದೂರು ಅಂದುಕೊಂಡಿದ್ದೀರಿ.

ಅಣ್ಣನ ಹತ್ತಿರ ಫೋನಿನಲ್ಲಿ ರಾಜಿ ಮಾಡಲು ಹೋಗಬೇಡಿ, ಹಳೇ ಜಗಳ ಮತ್ತೆ ಶುರು ಆಗುತ್ತದೆ. ಊರಿಗೆ ಹೋಗಿ, ಬರಿಗೈಲಿ ಬೇಡ, ಲೆಕ್ಕದ ಪುಸ್ತಕ ತಗೊಂಡು ಹೋಗಿ. ಅವರು ಕೊಟ್ಟದ್ದು ಸಾಲವೋ ಪಾಲೋ ಅನ್ನೋದನ್ನು ಇಬ್ಬರೂ ಇದುವರೆಗೆ ಮಾತಾಡಿಲ್ಲ ಅಂತ ನನಗೆ ಅನುಮಾನ. ಸಿಟ್ಟಿನ ಬೇರು ಅಲ್ಲೂ ಇರಬಹುದು. ಮಾತಾಡಿದರೆ ಅವರು ದುಡ್ಡು ವಾಪಸ್ ಕೇಳಬಹುದು, ಆ ಅಪಾಯ ಇದೆ. ವೈನಿಯವರು ನಡುವೆ ಕೂತರೆ ಮಾತು ತಣ್ಣಗೆ ನಡೆಯುತ್ತದೆ ಅಂತ ಅನಿಸಿದರೆ ಅವರನ್ನೂ ಕೂರಿಸಿಕೊಳ್ಳಿ.

ಹೆಂಡತಿಯನ್ನು ಅಂಗಡಿ ಲೆಕ್ಕಕ್ಕೆ ಕರೆತಂದಿದ್ದೀರಾ? ಪತ್ರದಲ್ಲಿ ಇಲ್ಲ. ಆಸ್ಟ್ರೇಲಿಯಾದ ಸಾವಿರಾರು ದಂಪತಿಗಳ ಮೇಲೆ ನಡೆದ ಅಧ್ಯಯನ 2014ರಲ್ಲಿ ಬಂತು. ಜೊತೆಗಾರರು ಅಚ್ಚುಕಟ್ಟಿನವರಾಗಿದ್ದರೆ, ಹೇಳಿದ ಕೆಲಸ ಹೇಳಿದ ಹೊತ್ತಿಗೆ ಮಾಡುವವರಾಗಿದ್ದರೆ, ಇನ್ನೊಬ್ಬರ ಆದಾಯ, ಬಡ್ತಿ ಕೂಡ ಚೆನ್ನಾಗಿತ್ತು. ಮನೆ ಸರಿ ಇದ್ದರೆ ತಲೆ ಕೆಲಸದ ಮೇಲೆ ನಿಲ್ಲುತ್ತದೆ. 'ಮೊದಲಿನ ಹಾಗಿಲ್ಲ' ಅಂದರೆ ಏನು ಅಂತ ಅವರನ್ನೇ ಕೇಳಿ, ಉತ್ತರ ಪೂರ್ತಿ ಮುಗಿಯೋವರೆಗೆ ಬಾಯಿ ಹಾಕಬೇಡಿ. ಕಷ್ಟ, ಗೊತ್ತು.

ಬಿಡಲೇಬೇಕಾದ ಜನ ಇಲ್ಲವೇ ಇಲ್ಲ ಅಂತ ಅಲ್ಲ. ಮಟ್ಕಾ, ಫೋನಿನ ಬೆಟ್ಟಿಂಗ್‌ಗೆ ಎಳೆಯುವವರು, 'ಒಂದು ಸಹಿ ಅಷ್ಟೇ' ಅಂತ ಜಾಮೀನಿಗೆ ಕರೆಯುವವರು, ನಿಮ್ಮ ಸೋಲನ್ನು ನಾಲ್ಕು ಜನರ ಎದುರು ಹೇಳಿ ನಗುವವರು, ಇವರಿಂದ ದೂರ ಇರಿ, ಅದಕ್ಕೆ ಯಾವ ತರಬೇತಿಯೂ ಬೇಡ. ನಿಮ್ಮ ಪತ್ರದಲ್ಲಿ ಅಂಥವರು ನನಗೆ ಕಾಣಲಿಲ್ಲ.

ಇನ್ನೊಂದು ಮಾತು. ನಿದ್ದೆ ಸರಿ ಮಾಡಿಕೊಂಡ ಮೇಲೂ ಎರಡು ವಾರ ಯಾವುದರಲ್ಲೂ ಆಸಕ್ತಿ ಇಲ್ಲದೆ, ಮನಸ್ಸು ಭಾರವಾಗೇ ಇದ್ದರೆ ಅದು ಶಿಸ್ತಿನ ಕೊರತೆ ಅಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ 14416 ಒತ್ತಿ, ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ.

ಕೊನೆಗೆ 75 ಸಾವಿರ. ಕಟ್ಟಿದರೆ ಏನಾಗಬಹುದು ಅಂತ ಒಂದು ಸಲ ನೋಡಿ. ಮೂರು-ನಾಲ್ಕು ದಿನ ಉತ್ಸಾಹ ಬರುತ್ತದೆ, ಅದು ಸುಳ್ಳಲ್ಲ, ಕೆಲವರಿಗೆ ಅಲ್ಲಿ ಒಳ್ಳೆ ಪರಿಚಯಗಳೂ ಆಗುತ್ತವೆ. ಆದರೆ ಸೀಸನ್ ಮುಂಚೆ ಸ್ಟಾಕ್ ಹಾಕಬೇಕಾದ ದುಡ್ಡು ಅದು. ಅದನ್ನು ಅಲ್ಲಿಗೆ ಹಾಕಿದರೆ ಗಿರಾಕಿ ಬಂದಾಗ ಅಂಗಡಿಯಲ್ಲಿ ಮಾಲು ಇರಲ್ಲ. ಬೆಳವಣಿಗೆ ಆಗದಿದ್ದರೆ 'ನೀವು ಪೂರ್ತಿ ತೊಡಗಿಕೊಳ್ಳಲಿಲ್ಲ, ಇನ್ನೊಂದು ಹಂತ ಇದೆ' ಅಂತಾರೆ. ಲೆಕ್ಕ, ಮಾರ್ಕೆಟಿಂಗ್, ಬ್ಯಾಂಕ್ ಸಾಲದ ಕಾಗದಪತ್ರ ಕಲಿಯಬೇಕು ಅನಿಸಿದರೆ ಬ್ಯಾಂಕುಗಳು ಜಿಲ್ಲೆಗಳಲ್ಲಿ ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಿವೆ, ಅಲ್ಲಿ ತರಬೇತಿ ಉಚಿತ. ಅಲ್ಲಿನ ವೇದಿಕೆಯಲ್ಲಿ ಬಣ್ಣದ ಲೈಟು, ಜೋರು ಹಾಡು ಇರಲ್ಲ ಅನ್ನೋದೊಂದೇ ಕೊರತೆ. ನಾನಾದರೆ ಕಟ್ಟಲ್ಲ.

ಮುಂಗಡದ 10 ಸಾವಿರ ಹೋದರೂ ಹೋಗಲಿ ಅಂತ ಮೊದಲು ಮನಸ್ಸು ಗಟ್ಟಿ ಮಾಡಿಕೊಳ್ಳಿ. ಆ 10 ಸಾವಿರ ಉಳಿಸೋಕೆ ಇನ್ನೂ 65 ಹಾಕೋದು ಲೆಕ್ಕ ಬಲ್ಲವರು ಮಾಡುವ ಕೆಲಸ ಅಲ್ಲ. ಆಮೇಲೆ ವಾಪಸ್ ಕೇಳಿ. ಫೋನಿನಲ್ಲಿ ಬೇಡ, ಇಮೇಲ್ ಅಥವಾ ವಾಟ್ಸಾಪಿನಲ್ಲಿ ಬರೆದು ಕೇಳಿ, ರಸೀದಿ ಮತ್ತು ಅವರು ಕಳಿಸಿದ ಮೆಸೇಜ್ ಎಲ್ಲ ತೆಗೆದಿಟ್ಟುಕೊಳ್ಳಿ. ಮುಂಗಡ ವಾಪಸ್ ಇಲ್ಲ ಅಂತ ನೀವು ಸಹಿ ಹಾಕಿದ ಕಾಗದದಲ್ಲಿ ಇದೆಯಾ ನೋಡಿ, ಇದ್ದರೆ ದಾರಿ ಸ್ವಲ್ಪ ಕಷ್ಟ. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಹೈದರಾಬಾದಿಗೆ ಅಲೆಯಬೇಕಿಲ್ಲ. ಐದು ಲಕ್ಷದೊಳಗಿನ ಪ್ರಕರಣಕ್ಕೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಹಾಕಬೇಕು ಅಷ್ಟೇ.